ಕೆಂಪು ರಕ್ತಕಣಕ್ಕೂ ಸುದ್ದಿ ಮುಟ್ಟುತ್ತದೆ

ಕೆಂಪು ರಕ್ತಕಣ ಅಂದರೆ ಹಿಮೋಗ್ಲೋಬಿನ್ ತುಂಬಿದ ಚೀಲ, ಆಮ್ಲಜನಕ ಹೊರುವುದಷ್ಟೇ ಅದರ ಕೆಲಸ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದು ಹಾರ್ಮೋನುಗಳಿಗೂ ಓಗೊಡುತ್ತದೆ ಅಂದರೆ ಆಶ್ಚರ್ಯವೇ ಅಲ್ವಾ?

ನಮ್ಮ ಕೆಂಪು ಕಣದ ಒಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 30 ಪಟ್ಟು ಜಾಸ್ತಿ. ಕ್ಯಾಲ್ಸಿಯಂ ಇದಕ್ಕೆ ಉಲ್ಟಾ. ಹೊರಗೆ ಒಳಗಿನದರ ಸಾವಿರಾರು ಪಟ್ಟು ಇರುತ್ತದೆ. ಈ ವ್ಯತ್ಯಾಸ ಸುಮ್ನೆ ಉಳಿಯುವುದಿಲ್ಲ. ಪೊರೆಯಲ್ಲಿರುವ ಪಂಪುಗಳು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡುತ್ತಲೇ ಇರಬೇಕು. ಒಂದು ಪಂಪು ಪ್ರತಿ ಸಲವೂ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹಾಗಾಗಿ ಪೊರೆಯಲ್ಲಿ ಒಂದು ದಾರಿ ಚೂರು ತೆರೆದರೂ ಅಯಾನುಗಳು ನುಗ್ಗುತ್ತವೆ.

ಹಾರ್ಮೋನು ಇಂಥ ದಾರಿ ತೆರೆಸುವುದನ್ನು ಚೆನ್ನಾಗಿ ತೋರಿಸುವುದು ಟ್ರೌಟ್ ಮೀನು. ಜೀವ ಉಳಿಸಿಕೊಳ್ಳಲು ಜೋರಾಗಿ ಈಜಿದಾಗ ಅದರ ರಕ್ತ ಆಮ್ಲೀಯವಾಗುತ್ತದೆ. ಆಮ್ಲ ಹೆಚ್ಚಿದರೆ ಮೀನಿನ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹಿಡಿಯುವ ಶಕ್ತಿಯೇ ಕುಗ್ಗುತ್ತದೆ. ಅದೂ ಆಮ್ಲಜನಕ ತೀರಾ ಬೇಕಾದ ಹೊತ್ತಿನಲ್ಲಿ! ಆಗಲೇ ರಕ್ತಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನು ಬರುತ್ತದೆ. ಅದು ಕಣದ ಒಳಗೆ ಹೋಗುವುದಿಲ್ಲ, ಪೊರೆಯ ಮೇಲಿನ ಗ್ರಾಹಕಕ್ಕೆ (ಹಾರ್ಮೋನನ್ನು ಗುರುತಿಸುವ ಪ್ರೋಟೀನ್) ಅಂಟಿಕೊಳ್ಳುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ. ಅದರಿಂದ ಪೊರೆಯ ಒಂದು ಪ್ರೋಟೀನ್ ಎಚ್ಚೆತ್ತು, ಸೋಡಿಯಂ ಒಳಗೆ ಬಿಟ್ಟುಕೊಂಡು ಹೈಡ್ರೋಜನ್ ಅಯಾನನ್ನು ಹೊರದಬ್ಬುತ್ತದೆ. ಕಣದೊಳಗಿನ ಆಮ್ಲ ಇಳಿಯುತ್ತದೆ, ನೀರು ಸೇರಿ ಕಣ ಕೊಂಚ ಊದುತ್ತದೆ, ಹಿಮೋಗ್ಲೋಬಿನ್ ಕಿವಿರಿನಲ್ಲಿ ಮತ್ತೆ ಆಮ್ಲಜನಕ ಹಿಡಿಯುತ್ತದೆ. ನನಗಂತೂ ಇಡೀ ಶರೀರಶಾಸ್ತ್ರದಲ್ಲೇ ಇಷ್ಟು ಚೆಂದದ ವ್ಯವಸ್ಥೆ ಅಪರೂಪ ಅನ್ನಿಸುತ್ತದೆ.

ಮನುಷ್ಯರಲ್ಲಿ ಕತೆ ಬೇರೆ. ಪ್ರೊಸ್ಟಗ್ಲಾಂಡಿನ್ ಇ2 ಎಂಬ ಹಾರ್ಮೋನಿನಂಥ ರಾಸಾಯನಿಕ ತಗುಲಿದಾಗ ಕೆಲವು ಕೆಂಪು ಕಣಗಳೊಳಕ್ಕೆ ಕ್ಯಾಲ್ಸಿಯಂ ನುಸುಳುತ್ತದೆ. ಎಲ್ಲ ಕಣಗಳೂ ಒಂದೇ ಸಮ ಸ್ಪಂದಿಸುವುದಿಲ್ಲ. ಕ್ಯಾಲ್ಸಿಯಂ ಏರಿದರೆ ಪೊಟ್ಯಾಸಿಯಂ ಸೋರುವುದನ್ನು 1958ರಲ್ಲಿ ತೋರಿಸಿದವರು ಹಂಗೇರಿಯ ಗಾರ್ಡೋಸ್. ಆ ದಾರಿಗೆ ಈಗ ಅವರದೇ ಹೆಸರು. ಪೊಟ್ಯಾಸಿಯಂ ಹಿಂದೆ ಕ್ಲೋರೈಡ್, ಅದರ ಹಿಂದೆ ನೀರು ಹೊರಬಿದ್ದು ಕಣ ಕುಗ್ಗುತ್ತದೆ.

ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇರುವವರಿಗೆ ಇದು ಅಪಾಯ. ನೀರು ಕಡಿಮೆಯಾದಷ್ಟೂ ಅವರ ಹಿಮೋಗ್ಲೋಬಿನ್ ಒತ್ತಾಗಿ, ಬೇಗ ಎಳೆಗಟ್ಟಿ ಕಣವನ್ನು ಬಾಗಿಸುತ್ತದೆ. ಗಾರ್ಡೋಸ್ ದಾರಿ ಮುಚ್ಚುವ ಸೆನಿಕಪಾಕ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಲಾಯಿತು. ಕಣಗಳು ಒಡೆಯುವುದು ಕಡಿಮೆಯಾಯಿತು. ಆದರೆ ರೋಗಿಗಳನ್ನು ಹಿಂಡುವ ನೋವಿನ ದಾಳಿಗಳು ಮಾತ್ರ ತಗ್ಗಲಿಲ್ಲ.