ಫಸ್ಟ್ ಪೆಗ್‌ಗಿಂತ ಮೊದ್ಲು ಸೋಡ ತಂದಿದ್ದು ಯಾರು?

ಕುಡಿತ ಬಿಡ್ಬೇಕು ಅಂತ ನನ್ನ ಹತ್ರ ಬರೋರಿಗೆಲ್ಲ ಒಂದು ಪ್ರಶ್ನೆ ಕೇಳ್ತೀನಿ, ಮೊದಲನೇ ಸಲ ಯಾವಾಗ ಕುಡಿದ್ರಿ ಅಂತ. ಹೆಚ್ಚಿನೋರು ಪಿಯುಸಿ, ಹಾಸ್ಟೆಲ್ ಅಂತಾರೆ. ಅರ್ಧ ಗಂಟೆ ಮಾತಾಡಿದ್ಮೇಲೆ ಬೇರೆ ಕಥೆ ಹೊರಗೆ ಬರತ್ತೆ, ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೇಲಿ ಶೀತ ಆಗಿದ್ದಾಗ ಅಜ್ಜಿ ಜೇನಿಗೆ ಬ್ರಾಂದಿ ಸೇರ್ಸಿ ಚಮಚದಲ್ಲಿ ಕುಡ್ಸಿದ್ದು, ಮದುವೆ ಮನೇಲಿ ದೊಡ್ಡೋರು ಊಟಕ್ಕೆ ಎದ್ಮೇಲೆ ಗ್ಲಾಸಿನ ತಳದಲ್ಲಿ ಉಳಿದಿದ್ದನ್ನ ಕಸಿನ್ಸ್ ಎಲ್ಲ ಸೇರಿ ನೆಕ್ಕಿದ್ದು. (ಬ್ರಾಂದಿಯಿಂದ ಮೈ ಬೆಚ್ಚಗಾಗತ್ತೆ ಅನ್ನೋದೇ ಸುಳ್ಳು, ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗತ್ತೆ ಅಷ್ಟೆ. ಇದನ್ನ ಅಜ್ಜಿಯಂದಿರಿಗೆ ಹೇಳಿ ಬೈಸ್ಕೊಂಡಿದ್ದೀನಿ.)

ಒಂದು ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ ಬದಲಾಯಿಸಿ. ಕಾಫಿ ತೋಟದೋರು, ನಲವತ್ತರ ಆಸುಪಾಸು, ಬೆಳಗ್ಗೆ ಕೈ ನಡುಗತ್ತೆ ಅಂತ ಹೆಂಡ್ತಿ ಕರ್ಕೊಂಡು ಬಂದಿದ್ರು, ಜೊತೆಗೆ ಎಂಟು ವರ್ಷದ ಮಗ. ಅವರು ದಿನಕ್ಕೆ ಎಷ್ಟು ಅಂತ ಲೆಕ್ಕ ಹೇಳೋಕೆ ಒದ್ದಾಡ್ತಿದ್ರು, ನಾನು ಸುಮ್ನೆ ಹುಡುಗನ್ನ ಕೇಳ್ದೆ, "ಪುಟ್ಟಾ, ಅಪ್ಪ ಯಾವಾಗ ಕುಡೀತಾರೆ?" ಅವನು ಬೆರಳು ಮಡಚಿ ಎಣಿಸೋಕೆ ಶುರು ಮಾಡ್ದ. ಕರೆಂಟ್ ಹೋದಾಗ. ತೋಟಕ್ಕೆ ಆನೆ ಬಂದಾಗ. ಕಾಫಿ ರೇಟ್ ಇಳಿದಾಗ. ರೇಟ್ ಏರಿದಾಗ್ಲೂ. ಅಮ್ಮನ ಜೊತೆ ಜಗಳ ಆದಾಗ. ಅಪ್ಪ ತಲೆ ಎತ್ತಲಿಲ್ಲ.

ನೋಡಿ, ಆ ಹುಡುಗ ಇನ್ನೂ ಒಂದು ಹನಿ ಕುಡಿದಿಲ್ಲ, ಆದ್ರೆ ಯಾವ್ಯಾವ ಟೈಮಲ್ಲಿ ಬಾಟಲಿ ತೆಗೀಬೇಕು ಅನ್ನೋದು ಅವನಿಗೆ ಬಾಯಿಪಾಠ. ಫಿಲಡೆಲ್ಫಿಯಾದಲ್ಲಿ ಜೂಲಿ ಮೆನೆಲ್ಲಾ ಅನ್ನೋ ವಿಜ್ಞಾನಿ ಪುಟ್ಟ ಮಕ್ಕಳಿಗೆ ಬಿಯರ್ ವಾಸನೆ ತೋರ್ಸಿ ನೋಡಿದ್ರು, ಬೇಜಾರು ಮರೆಯೋಕೆ ಅಂತ ಕುಡಿಯೋ ಅಪ್ಪ ಅಮ್ಮನ ಮಕ್ಕಳೇ ಆ ವಾಸನೆ ಬೇಡ ಅಂದಿದ್ದು ಜಾಸ್ತಿ. ಮೂಗಿಗೂ ಮನೆಯ ಮೂಡ್ ಗೊತ್ತಾಗತ್ತೆ.

ರಕ್ತದಲ್ಲೇ ಇದೆ ಡಾಕ್ಟ್ರೇ ಅಂತಾರೆ ಕೆಲವರು. ಅರ್ಧ ನಿಜ, ಕುಡಿತದ ಚಟದ ರಿಸ್ಕಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ವಂಶವಾಹಿಯದ್ದು. ಅದು ಹೇಗೆ ಕಾಣ್ಸತ್ತೆ ಅಂದ್ರೆ, ನಮ್ಮಲ್ಲಿ ಮದುವೆ ಮನೇಲಿ "ಎಷ್ಟು ಹಾಕಿದ್ರೂ ಏರಲ್ಲ ಇವನಿಗೆ" ಅಂತ ಬೆನ್ನು ತಟ್ತಾರಲ್ಲ, ಅದೇ. ಕುಡುಕ ತಂದೆಯರ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಮೆರಿಕದ ಮಾರ್ಕ್ ಶುಕಿಟ್ ಕಂಡ್ಕೊಂಡಿದ್ದು, ಶುರುವಲ್ಲಿ ಯಾರಿಗೆ ಬೇಗ ಏರಲ್ವೋ ಅವರೇ ಮುಂದೆ ಚಟಕ್ಕೆ ಬೀಳೋ ಸಾಧ್ಯತೆ ಜಾಸ್ತಿ ಅಂತ. ಸಾಕು ಅನ್ನೋ ಬೆಲ್ಲು ಅವರಿಗೆ ತಡವಾಗಿ ಹೊಡಿಯತ್ತೆ. ನಾವು ಅದನ್ನ ಗಂಡಸ್ತನ ಅಂತೀವಿ.

ಇನ್ನೊಂದು ವಾದ ವಾರಕ್ಕೆ ಎರಡು ಸಲ ಕೇಳ್ತೀನಿ. ಮನೇಲೇ ನಮ್ಮ ಕಣ್ಣೆದುರು ಸ್ವಲ್ಪ ಕೊಟ್ರೆ ಹೊರಗೆ ಹೋಗಿ ಕೆಡಲ್ಲ ಅಂತ. ರಿಟೈರ್ಡ್ ಮಿಲಿಟ್ರಿ ಮನೆಗಳಲ್ಲಿ ಕೋಟಾ ರಮ್ ಬೀರುವಲ್ಲೇ ಇರತ್ತೆ, ಹತ್ತನೇ ಕ್ಲಾಸ್ ಮುಗಿದ ಹುಡುಗನಿಗೆ ಅಪ್ಪನೇ ಸ್ಮಾಲ್ ಹಾಕಿ ಕೊಡ್ತಾರೆ, ಪ್ರೀತಿಯಿಂದಾನೇ, ಅದ್ರಲ್ಲಿ ನನಗೆ ಡೌಟಿಲ್ಲ. ಆದ್ರೆ ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನ ಆರು ವರ್ಷ ಗಮನಿಸಿ 2018ರಲ್ಲಿ ರಿಸಲ್ಟ್ ಹೊರಗೆ ಬಿಟ್ರು, ಅಪ್ಪ ಅಮ್ಮ ಕೊಟ್ಟಿದ್ರಿಂದ ಏನೂ ರಕ್ಷಣೆ ಇಲ್ಲ, ಆ ಮಕ್ಕಳು ಹೊರಗಡೆಯಿಂದ ತಗೊಂಡು ಕುಡಿಯೋದೂ ಜಾಸ್ತಿ ಇತ್ತು. ಹದಿನೈದಕ್ಕೆ ಮುಂಚೆ ಶುರು ಮಾಡ್ದೋರಿಗೆ, ಇಪ್ಪತ್ತೊಂದರ ನಂತರ ಶುರು ಮಾಡ್ದೋರಿಗಿಂತ ಚಟ ಅಂಟೋ ರಿಸ್ಕ್ ನಾಲ್ಕು ಪಟ್ಟು ಅಂತ 1997ರಲ್ಲೇ ಅಮೆರಿಕದ ಸರ್ವೆ ಹೇಳಿತ್ತು. ಮೆದುಳಲ್ಲಿ ಬ್ರೇಕ್ ಹಾಕೋ ಮುಂಭಾಗ ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ರ ಹತ್ರ, ಅಷ್ಟರೊಳಗೆ ಆಕ್ಸಿಲರೇಟರ್ ಒತ್ತಿ ಅಭ್ಯಾಸ ಆಗ್ಬಿಟ್ಟಿರತ್ತೆ. ಕಾನೂನೂ ಇದೆ, ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್, ಮಕ್ಕಳಿಗೆ ಮದ್ಯ ಕೊಟ್ರೆ ಏಳು ವರ್ಷದವರೆಗೂ ಜೈಲು. ಸ್ಮಾಲ್ ಹಾಕಿ ಕೊಡೋ ಅಪ್ಪಂದಿರು ಇದನ್ನ ಕೇಳಿ ನಕ್ಕುಬಿಡ್ತಾರೆ.

ಗುರು ಕಾರೋಣರಿಗೆ, ಅಂದ್ರೆ ಮನೆತನದ ಹಿರಿಯರಿಗೆ, ಮೀದಿ (ಮದ್ಯದ ಜೊತೆ ಎಡೆ) ಇಡೋದನ್ನ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಅದಕ್ಕೊಂದು ದಿನ ಇದೆ, ರೀತಿ ಇದೆ, ಮುಗಿಯೋ ಟೈಮೂ ಇದೆ. ನನಗೆ ಭಯ ಆಗೋದು ಯಾವ ರೀತಿನೂ ಇಲ್ಲದ ಮಂಗಳವಾರದ ರಾತ್ರಿ ಬಗ್ಗೆ. ತೋಟದ ಕೂಲಿಯೋರ ಲೈನ್ ಮನೆ ಆಗ್ಲಿ ಮಾಲೀಕರ ಬಂಗಲೆ ಆಗ್ಲಿ, ಕಿರುಚಾಟ ಕೇಳ್ತಾ ಕಂಬಳಿ ಒಳಗೆ ಎಚ್ಚರ ಇರೋ ಮಗು ಎರಡೂ ಕಡೆ ಒಂದೇ. 1998ರಲ್ಲಿ ಅಮೆರಿಕದ ಡಾಕ್ಟ್ರುಗಳಾದ ಫೆಲಿಟ್ಟಿ, ಆಂಡಾ ಮತ್ತವರ ತಂಡ ಬಾಲ್ಯದಲ್ಲಿ ಇಂಥ ನಾಲ್ಕೋ ಹೆಚ್ಚೋ ಬಗೆಯ ಪೆಟ್ಟು (ಹೊಡೆತ, ಬೈಗುಳ, ಮನೇಲಿ ಕುಡುಕರು ಇರೋದು, ಇಂಥದ್ದು) ತಿಂದೋರನ್ನ ಏನೂ ತಿನ್ನದೋರ ಜೊತೆ ಹೋಲಿಸಿದಾಗ ಕುಡಿತದ ಚಟ ನಾಲ್ಕು ಪಟ್ಟಿಗೂ ಮೀರಿ ಹೆಚ್ಚಿತ್ತು.

ಆ ತೋಟದೋರಿಗೆ ನಡುಕಕ್ಕೆ ಮಾತ್ರೆ, ವಿಟಮಿನ್ ಬಿ1 ಕೊಟ್ಟೆ, ಒಮ್ಮೆಲೇ ತಾವಾಗೇ ನಿಲ್ಲಿಸೋಕೆ ಹೋದ್ರೆ ಫಿಟ್ಸ್ ಬರ್ಬಹುದು ಅಂತ ಅಡ್ಮಿಟ್ ಮಾಡ್ಕೊಂಡೆ. ಜೊತೆಗೆ ಒಂದೇ ಹೋಮ್‌ವರ್ಕ್, ಮಗನ ಕೈಲಿ ಸೋಡ, ಗ್ಲಾಸು, ಐಸ್ ಯಾವುದನ್ನೂ ತರಿಸ್ಬಾರ್ದು, ಯಾರು ಮನೆಗೆ ಬಂದ್ರೂ. ಹುತ್ತರಿ ಹಬ್ಬ ಕಳೆದ್ಮೇಲೆ ಬಂದಿದ್ರು. ಅವರು ಒಂದು ಸಲ ಜಾರಿದ್ರಂತೆ, ಮತ್ತೆ ನಿಲ್ಲಿಸಿದ್ದಾರೆ. ಹುಡುಗ ಹೊಸ ಹಾಕಿ ಸ್ಟಿಕ್ ತೋರ್ಸೋಕೆ ತಂದಿದ್ದ. ಸೋಡ ತರೋಕೆ ಮನೇಲಿ ಯಾರೂ ಇಲ್ಲದ ಹಾಗಾಯ್ತು ಅಂತ ಅಜ್ಜ ಮಾತ್ರ ಇನ್ನೂ ನನ್ನ ಮೇಲೆ ಮುನಿಸ್ಕೊಂಡಿದ್ದಾರಂತೆ.