ಮೇಕೆಯ ಗಂಟೆಗೂ ಮನುಷ್ಯನ ಮಾತಿಗೂ ಒಂದೇ ವಾಲ್ಯೂಮ್

ಸಿನಿಮಾ ಮಿಕ್ಸಿಂಗ್‌ಗೆ ಕೂತಾಗ ನಾವು ಸೌಂಡ್‌ನವರು ಮೊದಲು ಹಿಡಿಯುವುದು ಡೈಲಾಗ್ ಟ್ರ್ಯಾಕನ್ನು. ಅದು ಸ್ಪಷ್ಟವಾಗಿ ಮೇಲೆ ಕೂರಬೇಕು. ಗಾಳಿ, ಹಕ್ಕಿ, ಪಾತ್ರೆ ಸದ್ದು, ದೂರದ ಬಸ್ಸಿನ ಹಾರನ್, ಎಲ್ಲವೂ ಅದರ ಕೆಳಗೆ. ಮಾತು ಬಂದ ಕೂಡಲೇ ಉಳಿದದ್ದನ್ನು ಇಳಿಸುವುದು ನಮ್ಮ ಬೆರಳುಗಳಿಗೆ ಎಷ್ಟು ರೂಢಿಯಾಗಿದೆ ಅಂದರೆ, ಯಾಕೆ ಇಳಿಸುತ್ತೇವೆ ಅಂತ ಕೇಳಿಕೊಳ್ಳುವುದೇ ಇಲ್ಲ.

ನನಗೆ ಆ ಪ್ರಶ್ನೆ ಹುಟ್ಟಿಸಿದ್ದು ಇಟಲಿಯ ನಿರ್ದೇಶಕ ಮಿಕೆಲಾಂಜೆಲೊ ಫ್ರಮ್ಮಾರ್ತಿನೊ ಅವರ ‘ಲೆ ಕ್ವಾತ್ರೊ ವೋಲ್ತೆ’. 2010ರ ಚಿತ್ರ. ಹೆಸರಿನ ಅರ್ಥ ‘ನಾಲ್ಕು ಸಲ’. ದಕ್ಷಿಣ ಇಟಲಿಯ ಕಲಾಬ್ರಿಯಾದ ಬೆಟ್ಟದೂರು, ಕೆಮ್ಮುತ್ತಾ ಮೇಕೆ ಕಾಯುವ ಒಬ್ಬ ಮುದುಕ. ಚರ್ಚಿನ ನೆಲ ಗುಡಿಸಿದ ಧೂಳನ್ನು ನೀರಿಗೆ ಹಾಕಿ ಔಷಧಿ ಅಂತ ಕುಡಿಯುತ್ತಾನೆ. ಅವನು ಸಾಯುತ್ತಾನೆ. ಆಮೇಲೆ ಕಥೆ ಒಂದು ಮೇಕೆಮರಿಯದ್ದು, ಆಮೇಲೆ ಒಂದು ಮರದ್ದು, ಕೊನೆಗೆ ಆ ಮರ ಸುಟ್ಟು ಇದ್ದಿಲಾಗುವುದು. ಇದರಲ್ಲಿ ಜನ ಮಾತಾಡುತ್ತಾರೆ, ಆದರೆ ಆ ಮಾತು ಮೇಕೆಯ ಕೊರಳ ಗಂಟೆಗಿಂತ ಮೇಲಿಲ್ಲ. ಸಬ್‌ಟೈಟಲ್ ಕೂಡ ಇಲ್ಲ. ಅರ್ಧ ಗಂಟೆಯಲ್ಲಿ ಕಿವಿ ಹೊಂದಿಕೊಳ್ಳುತ್ತದೆ, ಮನುಷ್ಯನ ದನಿಯೂ ಆ ಊರಿನ ಇನ್ನೊಂದು ಸದ್ದಾಗಿಬಿಡುತ್ತದೆ.

ಇದು ಎಲ್ಲಿಂದ ಬಂತು? ಫ್ರಮ್ಮಾರ್ತಿನೊ ಮೊದಲು ಓದಿದ್ದು ಆರ್ಕಿಟೆಕ್ಚರ್. 1968ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದರು, ಮನೆಯವರ ಮೂಲ ಕಲಾಬ್ರಿಯಾ. ಮಿಲಾನ್ ಪಾಲಿಟೆಕ್ನಿಕ್ ಆದ ಮೇಲೆ ಅಲ್ಲಿನ ಸಿನಿಮಾ ಶಾಲೆ, ಜೊತೆಗೆ ವಿಡಿಯೊ ಇನ್‌ಸ್ಟಲೇಶನ್‌ಗಳು, ಅಂದರೆ ಒಂದು ಜಾಗವನ್ನೇ ಬಳಸಿ ತೋರಿಸುವ ವಿಡಿಯೊ ಕೃತಿಗಳು. ಕಟ್ಟಡ ಕಲಿತವರು ಮೊದಲು ಜಾಗ ನೋಡುತ್ತಾರೆ, ಆಮೇಲೆ ಅದರಲ್ಲಿ ಓಡಾಡುವವರನ್ನು. ಅವರ ಫ್ರೇಮ್‌ಗಳೂ ಹಾಗೇ ಇವೆ. ಮೊದಲ ಚಿತ್ರ ‘ಇಲ್ ದೋನೊ’ 2003ರದ್ದು, ಅದರಲ್ಲಿನ ಮುದುಕ ಅವರ ಸ್ವಂತ ಅಜ್ಜ. 2003, 2010, 2021: ಹದಿನೆಂಟು ವರ್ಷಕ್ಕೆ ಮೂರೇ ಫೀಚರ್. ನಮ್ಮ ಕಡೆ ಯಾರಾದರೂ ಕಾಯುತ್ತಾರಾ?

ನಡುವೆ 2013ರಲ್ಲಿ ಬಂದದ್ದು ‘ಆಲ್ಬೆರಿ’, ಅಂದರೆ ಮರಗಳು. ಇದನ್ನು ಮಾಡಿದ್ದು ಥಿಯೇಟರಿಗಲ್ಲ, ಇನ್‌ಸ್ಟಲೇಶನ್ ಆಗಿ. ನ್ಯೂಯಾರ್ಕ್‌ನ ಆಧುನಿಕ ಕಲಾಕೇಂದ್ರ ಮೋಮಾ ಪಿಎಸ್1ರಲ್ಲಿ ಒಂದು ಗುಮ್ಮಟದ ಒಳಗೆ ತೋರಿಸಿದರು. ಬಸಿಲಿಕಾತಾ ಪ್ರಾಂತ್ಯದ ಸತ್ರಿಯಾನೊ ದಿ ಲುಕಾನಿಯಾ ಊರಿನ ಕಾರ್ನಿವಲ್‌ನಲ್ಲಿ ‘ರುಮಿತಾ’ ಅಂತ ಒಂದು ವೇಷ ಇದೆ, ತಲೆಯಿಂದ ಕಾಲಿನವರೆಗೆ ಬಳ್ಳಿ ಸೊಪ್ಪು ಹೊದ್ದುಕೊಂಡ ಮನುಷ್ಯ. ಫ್ರಮ್ಮಾರ್ತಿನೊ ಒಬ್ಬನ ಬದಲು ಗಂಡಸರ ಗುಂಪನ್ನೇ ಕಾಡಿಗೆ ಕಳಿಸಿ, ಸೊಪ್ಪು ಹೊದಿಸಿ, ಸಾಲಾಗಿ ಊರಿಗೆ ನಡೆಸಿದರು. ಅರ್ಧ ಗಂಟೆಗಿಂತ ಸ್ವಲ್ಪ ಕಡಿಮೆ, ಮುಗಿದ ಜಾಗದಿಂದಲೇ ಮತ್ತೆ ಶುರು. ನೋಡಲು ಬಂದವರು ಯಾವಾಗ ಬೇಕಾದರೂ ಒಳಗೆ ಬರಬಹುದು, ಏಕೆಂದರೆ ಅದಕ್ಕೆ ಆರಂಭ ಅಂತಲೇ ಇಲ್ಲ. ಊರು ಕಾಡಾಗುತ್ತದೆ, ಕಾಡು ಊರಾಗುತ್ತದೆ. ಟಿಕೆಟ್ ಕೊಂಡು, ಸೀಟಲ್ಲಿ ಕೂತು, ಇಂಟರ್ವಲ್ ಕಾಯುವ ಕಡೆ ಇದು ನಿಲ್ಲುವುದಿಲ್ಲ. ಈಗ ಸತ್ರಿಯಾನೊದ ಕಾರ್ನಿವಲ್‌ನಲ್ಲಿ 131 ರುಮಿತಾಗಳು ಒಟ್ಟಿಗೆ ನಡೆಯುತ್ತಾರೆ, ಬಸಿಲಿಕಾತಾದ 131 ಊರಾಡಳಿತಗಳಿಗೆ ಒಂದೊಂದರಂತೆ. ಆ ಕೃತಿ ಊರಿಗೇ ವಾಪಸ್ ಹೋಗಿದೆ ಅಲ್ವಾ!

ಅವರ ಮೂರನೇ ಫೀಚರ್ ‘ಇಲ್ ಬೂಕೊ’, ಅಂದರೆ ರಂಧ್ರ. 2021ರಲ್ಲಿ ವೆನಿಸ್‌ನಲ್ಲಿ ಜ್ಯೂರಿಯ ವಿಶೇಷ ಪ್ರಶಸ್ತಿ ಪಡೆದ ಚಿತ್ರ. 1961ರಲ್ಲಿ ಉತ್ತರದ ಪೀಡ್‌ಮಾಂಟ್‌ನಿಂದ ಬಂದ ಯುವ ಗುಹಾನ್ವೇಷಕರು ಕಲಾಬ್ರಿಯಾದ ಬಿಫೂರ್ತೊ ಗುಹೆಗೆ ಇಳಿದರು, ಆಳ 683 ಮೀಟರ್. ಅದೇ ಕಾಲದಲ್ಲಿ ಮಿಲಾನ್ ತನ್ನ 127 ಮೀಟರ್‌ನ ಪಿರೆಲ್ಲಿ ಗೋಪುರ ತೋರಿಸಿ ಬೀಗುತ್ತಿತ್ತು. ನಿಜವಾದ ಗುಹೆಯಲ್ಲೇ ಶೂಟಿಂಗ್. ಬೆಳಕು ಅಂದರೆ ತಲೆಯ ಮೇಲಿನ ದೀಪ ಅಷ್ಟೇ. ಪರದೆಯ ಬಹುಪಾಲು ಕಪ್ಪು.

ಇಲ್ಲೇ ನಮ್ಮ ಕೆಲಸ ಇರುವುದು. ಕಣ್ಣಿಗೆ ಕಾಣದ ಜಾಗವನ್ನು ಕಿವಿ ಅಳೆಯುತ್ತದೆ. ಇಕ್ಕಟ್ಟಿನಲ್ಲಿ ಒಂದು ಹನಿ ಬಿದ್ದರೆ ಸದ್ದು ತಕ್ಷಣ ಗೋಡೆಗೆ ಬಡಿದು ವಾಪಸ್ ಬರುತ್ತದೆ, ದೊಡ್ಡ ಪೊಟರೆಯಾದರೆ ತಡವಾಗಿ ಬರುತ್ತದೆ ಮತ್ತು ಬಹಳ ಹೊತ್ತು ಉಳಿಯುತ್ತದೆ. ಪತ್ರಿಕೆಯ ಹಾಳೆಗೆ ಬೆಂಕಿ ಹಚ್ಚಿ ಗುಂಡಿಗೆ ಬಿಡುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕೆಳಗಿಳಿಯುವ ಒಂದು ಬೆಳಕಿನ ಚೂರು, ಸುತ್ತ ಆ ಮೌನದ ಗಾತ್ರ. ಅಲ್ಲಿ ಬಿಜಿಎಂ ಹಾಕಿದ್ದರೆ ಆಳ ಸತ್ತೇಹೋಗುತ್ತಿತ್ತು.

ಮೊದಲ ಸಲ ನೋಡುವವರು ‘ಲೆ ಕ್ವಾತ್ರೊ ವೋಲ್ತೆ’ಯಿಂದಲೇ ಶುರು ಮಾಡಿ. ರಾತ್ರಿ ನೋಡಿ, ಫ್ಯಾನ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಶುರುವಿನಲ್ಲಿ ಹೊಗೆ, ಧಪ್ ಧಪ್ ಅಂತ ಒಂದು ಸದ್ದು. ಅದು ಇದ್ದಿಲು ಗೂಡಿನ ಮೈ ಬಡಿಯುವ ಸಲಿಕೆ. ಏನು ಅಂತ ಆಗ ತಿಳಿಯದಿದ್ದರೂ ಪರವಾಗಿಲ್ಲ, ಸುಮ್ನೆ ಕೇಳಿಸಿಕೊಳ್ಳಿ. ಒಂದು ಗಂಟೆಯ ಮೇಲೆ ಅದೇ ಸದ್ದು ಮತ್ತೆ ಬರುತ್ತದೆ. ಆಗ ಆ ಗೂಡಿನೊಳಗೆ ಯಾವ ಮರ ಇದೆ ಅಂತ ನಿಮಗೆ ಗೊತ್ತಿರುತ್ತದೆ.