ಲೋಕಪಾಲ್‌ಗೆ ದೂರು: ಬಾಗಿಲಲ್ಲೇ ಬೀಳುವುದೇಕೆ?

ಪತ್ರಿಕೆಯಲ್ಲಿ ಎಷ್ಟೇ ದೊಡ್ಡ ಹಗರಣ ಬಂದರೂ, ಕೇಂದ್ರ ಮಟ್ಟದ ಭ್ರಷ್ಟಾಚಾರದ ದೂರು ವಿಚಾರಿಸುವ ಸಂಸ್ಥೆಯಾದ ಲೋಕಪಾಲ್ ತಾನಾಗಿ ಕೈಹಾಕುವಂತಿಲ್ಲ. ಸ್ವಯಂಪ್ರೇರಿತ ವಿಚಾರಣೆಯ ಅಧಿಕಾರವನ್ನು 2013ರ ಲೋಕಪಾಲ್ ಕಾಯ್ದೆ ಅದಕ್ಕೆ ಕೊಟ್ಟಿಲ್ಲ. ಹಾಗಾಗಿ ಎಲ್ಲವೂ ದೂರಿನ ಮೇಲೆ ನಿಂತಿದೆ. ಆ ದೂರನ್ನೇ ಜನ ಸಡಿಲವಾಗಿ ಬರೆಯುತ್ತಾರೆ.

ಪಹಣಿ ತಿದ್ದಲು ಲಂಚ ಕೇಳಿದವರ ಮೇಲೆ ದೆಹಲಿಗೆ ಬರೆದು ಪ್ರಯೋಜನವಿಲ್ಲ. ರಾಜ್ಯ ನೌಕರರ ವಿಷಯ ಲೋಕಾಯುಕ್ತದ್ದು. ಲೋಕಪಾಲ್ ವ್ಯಾಪ್ತಿ ಮುಖ್ಯವಾಗಿ ಕೇಂದ್ರದ ಸಚಿವರು, ಸಂಸದರು, ಅಧಿಕಾರಿಗಳು ಮತ್ತು ಕೇಂದ್ರದ ನಿಗಮ, ಮಂಡಳಿಗಳಿಗೆ ಸೀಮಿತ. ಪ್ರಧಾನಿಯೂ ಇದರಲ್ಲಿ ಬರುತ್ತಾರೆ. ಆದರೆ ಅವರ ವಿಚಾರಣೆಗೆ ಪೂರ್ಣಪೀಠದ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ಅವರ ಮೇಲಿನ ದೂರಿನ ಮಟ್ಟಿಗೆ ವಿದೇಶಾಂಗ ಸಂಬಂಧ, ಭದ್ರತೆ, ಪರಮಾಣು ಶಕ್ತಿ, ಬಾಹ್ಯಾಕಾಶದಂಥ ವಿಷಯಗಳು ಹೊರಗೆ.

ಮುಖ್ಯ ಎಡವಟ್ಟು ಬೇರೆಯೇ ಇದೆ. ಈ ಕಾಯ್ದೆಯ ಮಟ್ಟಿಗೆ ದೂರು ಎಂದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ ನಡೆದಿದೆ ಎಂಬ ಆರೋಪ. ಪಿಂಚಣಿ ತಡವಾಯಿತು, ವರ್ಗಾವಣೆಯಲ್ಲಿ ಅನ್ಯಾಯವಾಯಿತು, ಟೆಂಡರ್ ಕೈತಪ್ಪಿತು ಎಂಬುದು ನಿಜವಾದ ನೋವೇ ಇರಬಹುದು, ಆದರೆ ಅಷ್ಟಕ್ಕೇ ಅದು ದೂರಾಗದು. ಯಾರು, ಯಾವ ಕೆಲಸಕ್ಕೆ, ಯಾರಿಂದ, ಯಾವಾಗ, ಏನು ಪಡೆದರು ಎಂಬುದು ಕಾಣಬೇಕು. ಸಿಟ್ಟು ಹತ್ತು ಪುಟ, ಸಂಗತಿ ಎರಡು ಸಾಲು ಎಂಬಂಥ ಅರ್ಜಿ ಅಸ್ಪಷ್ಟವೆಂದು ಅಲ್ಲೇ ಮುಗಿಯುತ್ತದೆ. ಕೃತ್ಯ ನಡೆದು 7 ವರ್ಷ ಕಳೆದಿದ್ದರೂ ಅಷ್ಟೇ.

ನಿಗದಿತ ನಮೂನೆ, ಪ್ರಮಾಣಪತ್ರ (ಅಫಿಡವಿಟ್), ಗುರುತಿನ ದಾಖಲೆ ಬೇಕೇ ಬೇಕು. ಅನಾಮಧೇಯ ಪತ್ರ ನಡೆಯದು. ಕನ್ನಡದಲ್ಲೂ ಬರೆಯಬಹುದು. ಆನ್‌ಲೈನ್‌ನಲ್ಲಿ ಕಳಿಸಿದರೆ 15 ದಿನದೊಳಗೆ ಮುದ್ರಿತ ಪ್ರತಿ ತಲುಪಿಸಬೇಕು. ಸುಳ್ಳು ದೂರಿಗೆ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂಬ ಮಾತು ಕೇಳಿಯೇ ಹಲವರು ಹಿಂಜರಿಯುತ್ತಾರೆ. ಸದುದ್ದೇಶದಿಂದ ಕೊಟ್ಟ ದೂರಿಗೆ ಅದು ಅನ್ವಯಿಸುವುದಿಲ್ಲ.

ಪ್ರಾಥಮಿಕ ವಿಚಾರಣೆಗೆ 90 ದಿನ, ಕಾರಣ ಬರೆದಿಟ್ಟರೆ ಇನ್ನೂ 90. ಎ ಯಿಂದ ಡಿ ವರೆಗಿನ ಗುಂಪುಗಳ (ಹುದ್ದೆಯ ದರ್ಜೆಗಳ) ಕೇಂದ್ರ ನೌಕರರ ಮೇಲಿನ ದೂರುಗಳು ಕೇಂದ್ರ ಜಾಗೃತ ಆಯೋಗಕ್ಕೆ ಹೋಗುತ್ತವೆ. ಎ ಮತ್ತು ಬಿ ಗುಂಪಿನ ವರದಿ ಲೋಕಪಾಲ್‌ಗೆ ಮರಳುತ್ತದೆ. ಸಿ ಮತ್ತು ಡಿ ಆಯೋಗದಲ್ಲೇ ಇತ್ಯರ್ಥವಾಗುತ್ತವೆ.

ಲೋಕಪಾಲ್‌ನ ನಿಜವಾದ ಹಿಡಿತ ಕಾಣುವುದು ತನಿಖೆಯ ಹಂತದಲ್ಲಿ. ಅದು ಒಪ್ಪಿಸಿದ ಪ್ರಕರಣದ ಸಿಬಿಐ ಅಧಿಕಾರಿಯನ್ನು ಅದರ ಒಪ್ಪಿಗೆಯಿಲ್ಲದೆ ವರ್ಗಾಯಿಸುವಂತಿಲ್ಲ. ಆರೋಪಪಟ್ಟಿಗೆ ಮಂಜೂರಾತಿ ಕೊಡುವುದೂ ಲೋಕಪಾಲೇ, ಸರ್ಕಾರವಲ್ಲ. ಆದರೆ ಇಷ್ಟು ಅಧಿಕಾರದ ಪೀಠವನ್ನು ತುಂಬುವುದು ಆಯ್ಕೆ ಸಮಿತಿಯ ಕೈಯಲ್ಲಿದೆ. ಕಾಯ್ದೆ ಜಾರಿಯಾದದ್ದು 2014ರ ಜನವರಿಯಲ್ಲಿ. ಆ ಸಮಿತಿಯಲ್ಲಿ ಕೂರಬೇಕಾದ, ಲೋಕಸಭೆಯಲ್ಲಿ ಮಾನ್ಯತೆ ಪಡೆದ ಪ್ರತಿಪಕ್ಷ ನಾಯಕರಿಲ್ಲ ಎಂಬುದೇ ನೆಪವಾಗಿ, ಮೊದಲ ಅಧ್ಯಕ್ಷರು ಬರಲು 2019ರ ಮಾರ್ಚ್ ಆಯಿತು.